ಡ್ರಮ್ಮಿನವನಿಗೆ ಹುಲ್ಲಿನ ಪಾರ್ಟು

ಬೇರೆ ತಂಡದವರಿಗೆ ತಂತಿ ಕಿತ್ತುಹೋದರೆ, ಮೈಕು ಕೆಟ್ಟರೆ ಫಜೀತಿ. ನಮಗೆ ಎಲ್ಲಾ ಸರಿಯಾಗಿ ಬಾರಿಸಿದ ದಿನವೇ ಫಜೀತಿ. ಎಪ್ಪತ್ತರ ದಶಕದಲ್ಲಿ ಚಿತ್ರದುರ್ಗದಲ್ಲಿ ನಾಲ್ಕು ಜನ ಸೇರಿ ಒಂದು ತಂಡ ಕಟ್ಟಿದ್ದೆವು. ಗಿಟಾರಿಗೆ ಕಾಲೇಜಿನ ಲೆಕ್ಕದ ಮೇಷ್ಟ್ರು, ಕ್ಲಾರಿನೆಟ್ಟಿಗೆ ಮದುವೆ ಬ್ಯಾಂಡಿನ ಒಬ್ಬ ಹಿರಿಯರು, ಹಾರ್ಮೋನಿಯಂಗೆ ಭಜನೆ ಮಂಡಳಿಯವರೊಬ್ಬರು, ಡ್ರಮ್ಮಿಗೆ ಸೈಕಲ್ ಶಾಪಿನ ನಾನು.

ಮೇಷ್ಟ್ರು ಬೆಂಗಳೂರಲ್ಲಿ ಯಾರದೋ ಮನೇಲಿ ವಿಲಾಯತಿ ಗ್ರಾಮಫೋನ್ ಪ್ಲೇಟು ಕೇಳಿ ಬಂದಿದ್ದರು. ರಾಕ್ ಅಂತೆ, ಅದರಲ್ಲೂ ಪ್ರೊಗ್ರೆಸಿವ್ ಅಂತೆ. "ಅವರು ತಾಳ ಮುರಿದು ಕಟ್ತಾರೆ ಕಣ್ರಯ್ಯಾ, ನಾವು ಒಗಟು ಹಾಕಿ ಕಟ್ಟೋಣ" ಅಂದರು. ಸಿನಿಮಾ ಹಾಡು ಬಾರಿಸಿದ್ದರೆ ನಾಲ್ಕು ಮದುವೆಯಾದರೂ ಸಿಗುತ್ತಿದ್ದವು. ಅದು ಹಾಳಾಗಲಿ, ನನ್ನ ಮದುವೆಯೇ ಈ ಒಗಟಿಗೆ ಸಿಕ್ಕಿಕೊಂಡಿತ್ತು. ಹೊಸದುರ್ಗದ ಕಡೆ ಒಂದು ಹುಡುಗಿಯನ್ನು ನೋಡಿ ಬಂದಿದ್ದೆ. ಒಪ್ಪಿದ್ದೆ ಅನ್ನೋದು ಸಣ್ಣ ಮಾತು, ತಲೆ ಕೆಟ್ಟೇ ಹೋಗಿತ್ತು. ಅವಳಪ್ಪ ಮಾತ್ರ, "ಹುಡುಗ ಅದೇನೋ ಬಾರಿಸ್ತಾನಂತಲ್ಲ, ಒಂದ್ಸಲ ಕೇಳಿ ಆಮ್ಯಾಲೆ ಹೇಳ್ತೀವಿ" ಅಂದಿದ್ದರು.

ಹದಿನೈದರ ಲೆಕ್ಕ

ಮೊದಲ ಹಾಡು ಮಾಯಾಚೌಕದ್ದು. ಒಂಬತ್ತು ಮನೆ, ಮನೆಗೊಂದು ಅಂಕಿ, ಅಡ್ಡ ಕೂಡಿದರೂ ಉದ್ದ ಕೂಡಿದರೂ ಹದಿನೈದು. ಆ ಅಂಕಿಗಳಷ್ಟೇ ಪೆಟ್ಟು ಹಾಕಬೇಕು. ಎಂಟು ಹೊಡಿ, ಒಂದು ಹೊಡಿ, ಆರು ಹೊಡಿ. ಊರೊಳಗೆ ಜನ ಬೈತಾರೆ ಅಂತ ಊರಾಚೆ ಚಂದ್ರವಳ್ಳಿಗೆ ಹೋಗಿ ಅಭ್ಯಾಸಕ್ಕೆ ಕೂತೆವು.

ಅಲ್ಲಿ ಮೇಕೆ ಮೇಯಿಸುತ್ತಿದ್ದ ಅಜ್ಜಿಯೊಬ್ಬಳು ಬಹಳ ಹೊತ್ತು ನಿಂತು ಕೇಳಿದಳು. ಆಮೇಲೆ ಕನಿಕರದಿಂದ, "ಪಾಪ, ಪದೇ ಪದೇ ತಪ್ತೀರಲ್ರಪ್ಪಾ" ಅಂದಳು.

ಮೇಷ್ಟ್ರಿಗೆ ಉರಿದುಹೋಯಿತು. "ತಪ್ಪಲ್ಲಮ್ಮಾ! ಯಾವ ಕಡೆಯಿಂದ ಎಣಿಸಿದ್ರೂ ಹದಿನೈದು!"

ಅಜ್ಜಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ ಶಿವನೇ, ಹದಿನೈದಾ? ನಾನು ಆರೇಳು ಸಲ ತಪ್ಪಿದ್ರಿ ಅನ್ಕಂಡಿದ್ದೆ."

ವಂದನಾರ್ಪಣೆ

ಹೊಳಲ್ಕೆರೆಯಲ್ಲಿ ಒಂದು ಸಂಘದ ವಾರ್ಷಿಕೋತ್ಸವ. ಮೇಷ್ಟ್ರ ಹಾಡಿನಲ್ಲಿ ನಡುನಡುವೆ ಮೌನ ಇತ್ತು. ಕೇಳೋರು ಮುಂದಿನ ಅಂಕಿ ಯಾವುದು ಅಂತ ಯೋಚನೆ ಮಾಡಲಿ ಅಂತ. ಕೇಳೋರು ಯೋಚನೆ ಮಾಡುತ್ತಿದ್ದದ್ದು ಊಟದ್ದು.

ಮೊದಲ ಮೌನಕ್ಕೇ ಕಾರ್ಯದರ್ಶಿಗಳು ಮೈಕಿನ ಮುಂದೆ ಬಂದು, "ಇಷ್ಟು ಹೊತ್ತು ನಮ್ಮನ್ನು ರಂಜಿಸಿದ..." ಅಂದರು. ನಾನು ಧಡ್ ಅಂತ ಹೊಡೆದೆ. ಬೆಚ್ಚಿಬಿದ್ದು ಹೋಗಿ ಕೂತರು. ಇನ್ನೊಂದು ಮೌನ, ಮತ್ತೆ ಬಂದರು, ಮತ್ತೆ ಧಡ್. ಮೂರನೇ ಸಲವೂ ಇದೇ ಕಥೆ. ಸಭೆ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ನಮಗೆ ಅಷ್ಟು ಚಪ್ಪಾಳೆ ಆಮೇಲೂ ಯಾವತ್ತೂ ಬೀಳಲಿಲ್ಲ.

ಕಡೆಗೆ ಹಾಡು ನಿಜವಾಗಿಯೂ ಮುಗಿಯಿತು. ಯಾರೂ ಅಲ್ಲಾಡಲಿಲ್ಲ. ಮೇಷ್ಟ್ರು, "ಮುಗೀತು ಸಾರ್, ಬರ್ರಿ" ಅಂದರು.

ಕಾರ್ಯದರ್ಶಿಗಳು ಕೂತಲ್ಲಿಂದಲೇ, "ಮೊದ್ಲು ಆ ಹುಡುಗನ ಕೈಯಿಂದ ಕೋಲು ಇಸ್ಕಳ್ರಿ" ಅಂದರು.

ದೋಣಿ

ಮುಂದಿನ ಕಾರ್ಯಕ್ರಮ ಚಿತ್ರದುರ್ಗದಲ್ಲೇ. ಹುಡುಗಿ, ಅವಳಪ್ಪ, ಅವಳವ್ವ ಮೂರೂ ಜನ ಬರುತ್ತಾರೆ ಅಂತ ಸುದ್ದಿ ಬಂತು. ನಾನು ಹೊಸ ಷರ್ಟು ಹೊಲಿಸಿದೆ. ಅವಳ ಎದೆ ಝಲ್ಲೆನ್ನುವ ಹಾಗೆ ಬಾರಿಸಬೇಕು ಅಂತ ಕೈ ತುರಿಸುತ್ತಿತ್ತು.

ಆ ಹೊತ್ತಿಗೆ ಮೇಷ್ಟ್ರ ಹೊಸ ಹಾಡು ತಯಾರು. ಅದೇ ಹಳೇ ಒಗಟು: ಅಂಬಿಗ, ಹುಲಿ, ಮೇಕೆ, ಹುಲ್ಲು. ದೋಣಿಯಲ್ಲಿ ಅಂಬಿಗನ ಜೊತೆ ಒಂದೇ ಒಂದಕ್ಕೆ ಜಾಗ. ಅಂಬಿಗನಿಲ್ಲದಾಗ ಹುಲಿ ಮೇಕೆಯನ್ನು ತಿನ್ನಬಾರದು, ಮೇಕೆ ಹುಲ್ಲನ್ನು ತಿನ್ನಬಾರದು. ಗಿಟಾರು ಅಂಬಿಗ, ಹಾರ್ಮೋನಿಯಂ ಹುಲಿ, ಕ್ಲಾರಿನೆಟ್ಟು ಮೇಕೆ. ದೋಣಿ ಹತ್ತಿದವರು ಮಾತ್ರ ನುಡಿಸಬೇಕು, ದಡದಲ್ಲಿರೋರು ತೆಪ್ಪಗಿರಬೇಕು.

"ನಾನು?" ಅಂದೆ.

"ನೀನು ಹುಲ್ಲು. ಕೊನೆ ಹತ್ರ ಒಂದೇ ಸಲ ದಾಟ್ತೀಯ."

"ಸಾರ್, ಹೆಣ್ಣಿನ ಕಡೆಯೋರು ಬರ್ತಾರೆ ಸಾರ್! ನನ್ನ ಮೇಕೆ ಮಾಡ್ರಿ ಸಾರ್, ಕಾಲಿಗೆ ಬೀಳ್ತೀನಿ!"

"ನಿನ್ ಮದುವೆಗೋಸ್ಕರ ತರ್ಕಶಾಸ್ತ್ರ ಬದಲಾಯಿಸಕ್ಕೆ ಆಗುತ್ತೇನಯ್ಯಾ?"

ಆ ದಿನ ಅವಳು ಎರಡನೇ ಸಾಲಿನಲ್ಲಿ ಕೂತಿದ್ದಳು. ಮೇಕೆ ದಾಟಿತು, ಹುಲಿ ದಾಟಿತು, ಮೇಕೆಯನ್ನು ವಾಪಸ್ಸು ಕರೆತಂದರು. ಈಗ ಮೇಕೆ ದೋಣಿ ಇಳಿಯಬೇಕು, ನಾನು ಹತ್ತಬೇಕು. ಕೋಲು ಎತ್ತಿದೆ. ಮೇಕೆ ಇಳಿಯಲೇ ಇಲ್ಲ! ಕ್ಲಾರಿನೆಟ್ಟಿನ ಹಿರಿಯರು ಮದುವೆ ಮೆರವಣಿಗೆಯಲ್ಲಿ ಊದಿ ಊದಿ ಪಳಗಿದವರು, ಒಂದು ಸಲ ಹಿಡಿದರೆ ಹೆಣ್ಣಿನ ಮನೆ ಬಾಗಿಲ ತನಕ ಬಿಡುವ ಅಭ್ಯಾಸವಿಲ್ಲ. ಮೇಷ್ಟ್ರು ಕಣ್ಣು ಕೆಕ್ಕರಿಸಿದರು. ಹಿರಿಯರು ಕಣ್ಣು ಮುಚ್ಚಿಕೊಂಡು ಊದುತ್ತಿದ್ದರು. ಮೇಷ್ಟ್ರು ಹಟಕ್ಕೆ ಬಿದ್ದು ಗಿಟಾರನ್ನು ಇನ್ನೂ ಜೋರು ಮಾಡಿದರು. ದಡ ಸೇರಿದ್ದ ಹುಲಿಗೂ ರೋಷ ಬಂದು ಹಾರ್ಮೋನಿಯಂ ಬಡಿಯತೊಡಗಿತು. ಪರದೆ ಎಳೆಯುವ ತನಕ ನಾನು ಎತ್ತಿದ ಕೋಲು ಎತ್ತಿಕೊಂಡೇ ಕೂತಿದ್ದೆ.

ಕೆಟ್ಟೆ ಅಂತ ಅಳುವೇ ಬಂತು. ಹೊರಗೆ ಬಂದರೆ ಅವಳಪ್ಪ ಕಿವಿಗೆ ಟವಲ್ಲು ಸುತ್ತಿಕೊಂಡು ನಿಂತಿದ್ದರು, ಹಿಂದೆ ಅವಳು. ನಾನು ತಡೆಯಲಾರದೆ, "ಯಜಮಾನ್ರೇ, ಇವತ್ತು ನಂಗೆ ಬಾರಿಸಕ್ಕೇ ಬಿಡಲಿಲ್ಲ. ಇನ್ನೊಂದ್ಸಲ ಬಂದು ನನ್ ಕೈ ನೋಡ್ರಿ" ಅಂದೆ.

"ಬ್ಯಾಡಪ್ಪಾ, ಬ್ಯಾಡ! ಮದುವೆ ಗಟ್ಟಿ ಮಾಡ್ಕಳಾಣ" ಅಂದರು ಅವರು. "ನಮ್ ಹುಡುಗಿ ಒಳಗೇ ಹೇಳಿದ್ಲು, 'ಅಪ್ಪಾ, ಅಷ್ಟು ಜನದಾಗೆ ಕಿವಿಗೆ ತೊಂದ್ರೆ ಕೊಡದೆ ಕುಂತೋರು ಅವರೊಬ್ರೇ, ಅವರೇ ಆಗ್ಲಿ' ಅಂತ."