ಗುಂಪು ಚಿತ್ರಚಿಕಿತ್ಸೆಯಲ್ಲಿ ಆನೆಯ ಕಾಲುಗಳ ಕುರಿತು

ಸಂಖ್ಯೆ: ಮನ/ಗುಂಪು/ಬಣ್ಣ/ಆನೆ/7 (ಎರಡು ಸಲ ತಿದ್ದಿದ್ದು)

ವಿಷಯ: ಗುಂಪು ಮನೋಚಿಕಿತ್ಸೆಯಲ್ಲಿ ಚಿತ್ರ ಬರೆಯುವವರು ಪಾಲಿಸತಕ್ಕ ಶಿಸ್ತಿನ ಬಗ್ಗೆ.

ಉಲ್ಲೇಖ: 1. ಮೇಲಿನ ಕೊಠಡಿಯಲ್ಲಿ ಜನ ನಗುತ್ತಿದ್ದಾರೆಂಬ ಟಪಾಲು ಶಾಖೆಯ ದೂರು. 2. ಸದರಿ ನಗು.

ಪೀಠಿಕೆ:

ಇಲಾಖೆಯ ಮಹಡಿ ಕೊಠಡಿಯಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಮನಸ್ಸು ಭಾರವಾದವರ ಗುಂಪೊಂದು ಸೇರಿ ಚಿತ್ರ ಬರೆಯುತ್ತಿರುವುದು ಸರಿಯಷ್ಟೆ. ಚಿಕಿತ್ಸೆಯಂಥ ಗಂಭೀರ ಕಾರ್ಯದಲ್ಲಿ ನಗುವಿಗೆ ಅವಕಾಶವಿದೆಯೇ ಎಂಬುದನ್ನು ಪರಿಶೀಲಿಸಲು ಈ ಕೆಳಗೆ ಸಹಿ ಮಾಡಿರುವ ಅಧೀಕ್ಷಕರು ಕಳೆದ ವಾರ ಖುದ್ದಾಗಿ ತೆರಳಿದರು. ಬಾಗಿಲಲ್ಲೇ ಚಿಕಿತ್ಸಕಿಯವರು, "ಇಲ್ಲಿ ಸುಮ್ನೆ ನೋಡ್ತಾ ಕೂರೋ ಹಾಗಿಲ್ಲ ಸಾರ್, ನೋಡೋರೂ ಬರೀಬೇಕು" ಎಂದು ಕೈಗೆ ಕುಂಚ ಕೊಟ್ಟರು. ನಿಯಮವೆಂದಮೇಲೆ ಅಧೀಕ್ಷಕರು ಪಾಲಿಸಿದರು.

ಮನಸ್ಸಿನ ಮೇಲೆ ಕೂತಿರುವ ಭಾರವನ್ನು ಪ್ರಾಣಿಯಾಗಿ ಬರೆಯುವುದು ಅಂದಿನ ಕೆಲಸವಾಗಿತ್ತು. ಅಧೀಕ್ಷಕರಿಂದ ಆನೆಯೊಂದು ಬರೆಯಲ್ಪಟ್ಟಿತು. ಪಕ್ಕದಲ್ಲಿದ್ದ ಲಾರಿ ಚಾಲಕರು ಅದನ್ನು ಬಹಳ ಹೊತ್ತು ನೋಡಿ, "ಸಾರ್, ಟೀ ಕೆಟಲಿಗೆ ಬಾಲ ಯಾಕೆ?" ಎಂದು ವಿಚಾರಿಸಿದರು.

ಈ ಗುಂಪಿನಲ್ಲಿ ದರ್ಜಿ ಕೆಲಸದ ಅಮ್ಮ ಒಬ್ಬರಿದ್ದಾರೆ. ತಂಗಿ ತೀರಿಹೋದಂದಿನಿಂದ ಮಾತು ಬಿಟ್ಟವರು. ವಾರವಾರವೂ ಬಂದು, ಹಾಳೆಗೆ ಪೂರ್ತಿ ಬೂದುಬಣ್ಣ ಬಳಿದು, ಒಣಗಲಿಟ್ಟು ಹೋಗುತ್ತಿದ್ದವರು. ಅವರು ಅಧೀಕ್ಷಕರ ಹಾಳೆಯನ್ನು ತಮ್ಮತ್ತ ಎಳೆದುಕೊಂಡು, ಕನ್ನಡಕ ಮೇಲೇರಿಸಿ, "ಕೆಟಲಲ್ಲಪ್ಪ, ಆನೆ. ಪಾಪ, ಕಾಲು ಒಳಗೇ ಉಳ್ಕೊಂಡಿದೆ" ಎಂದರು.

ಚಿಕಿತ್ಸಕಿಯವರ ಕೈಯಿಂದ ನೀರಿನ ಲೋಟ ಜಾರಿತು. ಮೊದಲು ನಕ್ಕವರು ದರ್ಜಿ ಅಮ್ಮನೇ. ಆಮೇಲೆ ಕೊಠಡಿಗೆ ಕೊಠಡಿಯೇ ನಕ್ಕಿತು. ಅಧೀಕ್ಷಕರು ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದ್ದು ಸಾಕ್ಷಿಸಮೇತ ರುಜುವಾತಾಗಿದೆ. (ಈ ಸಂಗತಿಯನ್ನು ದರ್ಜಿ ಅಮ್ಮನ ಒಪ್ಪಿಗೆ ಪಡೆದೇ ಇಲ್ಲಿ ನಮೂದಿಸಲಾಗಿದೆ. "ಬರ್ಕೊಳ್ಳಿ, ಆದ್ರೆ ಕಾಲಿನ ವಿಷಯ ಬಿಡಬೇಡಿ" ಎಂಬುದು ಅವರ ಷರತ್ತು.)

ಇಷ್ಟೆಲ್ಲ ಆದಮೇಲೂ ನಿಯಮಗಳಿಲ್ಲದಿರುವುದು ಇಲಾಖೆಗೆ ಶೋಭೆಯಲ್ಲವಾದ್ದರಿಂದ, ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

1. ಆನೆ ಬರೆಯುವವರು ಕಾಲುಗಳನ್ನು ಹೊರಗಿಡತಕ್ಕದ್ದು. ಕಾಲು ಬರೆಯಲು ಬಾರದವರು ಆನೆಯನ್ನು ನೀರಿನಲ್ಲಿ ನಿಲ್ಲಿಸಬಹುದು. ನೀರೂ ಬಾರದವರು ಕೆಟಲ್ ಎಂದೇ ಒಪ್ಪಿಕೊಳ್ಳತಕ್ಕದ್ದು.

2. ಯಾರ ಚಿತ್ರವನ್ನೂ ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುವಂತಿಲ್ಲ. ತಲೆ ಆಡಿಸುವುದನ್ನೂ ಹೊಗಳಿಕೆಯೆಂದೇ ಪರಿಗಣಿಸಲಾಗುವುದು. ಕತ್ತು ನೋವಿನಿಂದ ಆಡಿಸುವವರು ವೈದ್ಯರ ಪ್ರಮಾಣಪತ್ರ ಲಗತ್ತಿಸತಕ್ಕದ್ದು.

3. ಚಿತ್ರಕ್ಕೆ ಅರ್ಥ ಹೇಳುವ ಹಕ್ಕು ಬರೆದವರಿಗೆ ಮಾತ್ರ. ಲೆಕ್ಕಪತ್ರ ಶಾಖೆಯವರು ಕಿಟಕಿಯಿಂದ ಇಣುಕಿ, ಅನ್ಯರು ಬರೆದ ಮೊಸಳೆಯನ್ನು "ಅದು ಅವರ ಅತ್ತೆ" ಎಂದು ತೀರ್ಮಾನಿಸುವುದನ್ನು ಕೂಡಲೇ ನಿಲ್ಲಿಸತಕ್ಕದ್ದು. ಅದು ಮೊಸಳೆಯೇ. ಅತ್ತೆಯವರನ್ನು ಬೇರೆ ಹಾಳೆಯಲ್ಲಿ ಬರೆಯಲಾಗಿದೆ.

4. ಜಲವರ್ಣದ ಮೇಲೆ ಕಣ್ಣೀರು ಬಿದ್ದಲ್ಲಿ ಅದನ್ನೂ ಜಲವರ್ಣವೆಂದೇ ಪರಿಗಣಿಸಲಾಗುವುದು. ಹಾಳೆ ಬದಲಾಯಿಸುವಂತಿಲ್ಲ, ಒರೆಸುವಂತಿಲ್ಲ. ಪಕ್ಕದವರು ಕರವಸ್ತ್ರ ಕೊಡಬಹುದು; ಬುದ್ಧಿವಾದ ಕೊಡುವಂತಿಲ್ಲ.

5. ದರ್ಜಿ ಅಮ್ಮ ಈಗ ಮಾತಾಡತೊಡಗಿದ್ದು, ನಿಲ್ಲಿಸುವ ಲಕ್ಷಣ ಕಾಣುತ್ತಿಲ್ಲ. ಅವರು ಯಾರ ಅಂಗಿಯ ಹೊಲಿಗೆಯನ್ನು ಎಷ್ಟೇ ಹೀಗಳೆದರೂ "ಸಾಕು" ಎಂದು ಯಾರೂ ಹೇಳತಕ್ಕದ್ದಲ್ಲ. ಲಾರಿ ಚಾಲಕರು ಬೇಕಿದ್ದರೆ ಬೇರೆ ಅಂಗಿ ಹಾಕಿಕೊಂಡು ಬರಬಹುದು.

6. "ಈ ಆನೆ ಯಾತರದ್ದು?" ಎಂದು ದರ್ಜಿ ಅಮ್ಮ ಕೇಳಿದಲ್ಲಿ ಉತ್ತರಿಸುವುದು ಕಡ್ಡಾಯ. ಅಧೀಕ್ಷಕರನ್ನು ಕೇಳಲಾಗಿ, ತಮಗೂ ತಮ್ಮ ಅಣ್ಣನಿಗೂ ವರ್ಷಗಳಿಂದ ಮಾತಿಲ್ಲವೆಂದೂ, ಜಗಳ ಹುಟ್ಟಿದ್ದು ಒಂದು ಏಣಿಯಿಂದೆಂದೂ, ಏಣಿ ಯಾರದ್ದೆಂಬುದು ತಮಗೀಗ ನೆನಪಿಲ್ಲವೆಂದೂ ಹೇಳಿಕೆ ನೀಡಿದರು. ಆಗ ದರ್ಜಿ ಅಮ್ಮ, "ನಂಗೆ ಜಗಳ ಆಡೋಕೂ ತಂಗಿ ಇಲ್ಲ. ನಿಮ್ಮಣ್ಣ ಇದ್ದಾರಲ್ಲ, ಫೋನ್ ಮಾಡಿ" ಎಂದು ಮೌಖಿಕ ಆದೇಶ ಹೊರಡಿಸಿದರು. ಈ ಆದೇಶದ ವಿರುದ್ಧ ಮೇಲ್ಮನವಿಗೆ ಅವಕಾಶವಿರುವುದಿಲ್ಲ.

7. ಹಾಗೆ ಫೋನ್ ಮಾಡಿದಾಗ ಆ ಕಡೆಯವರು ಮೊದಲಿಗೆ "ಯಾರು ಹೋಗ್ಬಿಟ್ರು?" ಎಂದು ಕೇಳುವುದು ಸಹಜ. ಯಾರೂ ಹೋಗಿಲ್ಲ, ಆನೆ ಬರೆದೆ ಎಂದು ತಿಳಿಸತಕ್ಕದ್ದು. "ಕುಡಿದಿದ್ದೀಯೇನೋ?" ಎಂಬ ಎರಡನೆಯ ಪ್ರಶ್ನೆಗೆ ಇಲ್ಲವೆನ್ನತಕ್ಕದ್ದು. ಅನಂತರ ಉಂಟಾಗುವ ಮೌನದಲ್ಲಿ ಯಾವುದೇ ಕಾರಣಕ್ಕೂ ಫೋನ್ ಇಡತಕ್ಕದ್ದಲ್ಲ. ಆ ಕಡೆಯಿಂದ "ಊಟ ಆಯ್ತಾ?" ಎಂದು ಬರುವವರೆಗೆ ಕಾಯತಕ್ಕದ್ದು. ಅಧೀಕ್ಷಕರ ಪ್ರಕರಣದಲ್ಲಿ ಅದು ಬಂದಿರುತ್ತದೆ. ಊಟ ಆಗಿತ್ತು, ಆದರೂ ಇಲ್ಲವೆಂದು ಹೇಳಿ ಅಣ್ಣನ ಮನೆಗೆ ಹೋಗಿ ಮತ್ತೊಮ್ಮೆ ಉಣ್ಣಲಾಯಿತು.

8. ಬರುವ ಗುರುವಾರದಿಂದ ಸದರಿ ಅಣ್ಣನವರೂ ಗುಂಪಿಗೆ ಹಾಜರಾಗುವರು. ಅಣ್ಣತಮ್ಮಂದಿರನ್ನು ಎದುರುಬದುರು ಕೂರಿಸದೆ ಮೇಜಿನ ಒಂದೇ ಬದಿಗೆ ಕೂರಿಸಿ, ಇಬ್ಬರಿಗೂ ಸೇರಿ ಒಂದೇ ದೊಡ್ಡ ಹಾಳೆ ಕೊಡತಕ್ಕದ್ದು. ಹಾಳೆಯ ನಡುವೆ ಗೆರೆ ಎಳೆಯುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ.

(ಸಹಿ)
ಅಧೀಕ್ಷಕರು
(ಸಹಿಯ ಪಕ್ಕದ ನೀಲಿ ಗುರುತು ಮೊಹರಲ್ಲ, ಬಣ್ಣ ಮೆತ್ತಿದ ಹೆಬ್ಬೆರಳು.)

ಪ್ರತಿಗಳು:

1. ಚಿಕಿತ್ಸಕಿಯವರಿಗೆ, ಹೊಸ ಲೋಟದ ಸಹಿತ.
2. ಟಪಾಲು ಶಾಖೆಗೆ: ದೂರನ್ನು ಪರಿಶೀಲಿಸಿ, ನಗು ನಿಜವೆಂದು ಕಂಡುಬಂದಿರುವುದರಿಂದ ಮುಂದುವರಿಸಲು ಅನುಮತಿಸಲಾಗಿದೆ.
3. ಲೆಕ್ಕಪತ್ರ ಶಾಖೆಗೆ, ಕಿಟಕಿಯ ಪರದೆಯೊಂದಿಗೆ.
4. ಲಾರಿ ಚಾಲಕರಿಗೆ, ಬಿಚ್ಚಿ ಹೊಲಿಯಲು ದರ್ಜಿ ಅಮ್ಮ ಒಯ್ದ ಅಂಗಿ ವಾಪಸು ಬಂದ ಕೂಡಲೇ.
5. ಅಧೀಕ್ಷಕರ ಅಣ್ಣನವರಿಗೆ: ಮಾಹಿತಿಗಾಗಿಯೂ ಅಲ್ಲ, ಸೂಕ್ತ ಕ್ರಮಕ್ಕಾಗಿಯೂ ಅಲ್ಲ. ಸುಮ್ಮನೆ.