ಗುಡ್ಡ ದಾಟದ ಅಲೆಗೆ

ಅಕ್ಕೋಳದ ಬಳಿಯ ಗುಡ್ಡದಡಿ, ೧೮ ಫೆಬ್ರುವರಿ ೧೯೯೧. ನಮ್ಮ ಹತ್ತಾರು ಮನೆಗಳ ವಾಡಿಗೆ ಟಿ.ವಿ. ಬಂದು ವಾರವಾಗಿದೆ, ಪರದೆಯಲ್ಲಿ ಕತ್ತರಿಸಿದ ಉಣ್ಣೆ ಹಾರುವಂತೆ ಕಾಣುವುದರ ಹೊರತು ಏನೂ ಕಂಡಿಲ್ಲ.

ಮಾನ್ಯ ಟಿ.ವಿ. ಅಲೆಯವರೇ,

ಗಾಳಿಯೂ ಇಲ್ಲದ ಬರಿದಾದ ಆಕಾಶದಲ್ಲಿ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುವ ತಮಗೆ ನಿಂತು ಓದುವ ಪುರುಸೊತ್ತು ಇರಲಾರದೆಂದು ಬಲ್ಲೆವು. ವಾಡಿಯವರ ನಮಸ್ಕಾರಗಳನ್ನು ಓಡುತ್ತಲೇ ಸ್ವೀಕರಿಸಬೇಕಾಗಿ ವಿನಂತಿ.

ಇಲ್ಲಿನ ಕುರಿಗಾರ ಮಾಳಸಿದ್ದ ಮತ್ತು ಹೊಳೆವ್ವನ ಮಗ ಮಲಕಾರಿ ಊರೂರು ತಿರುಗಿ ಡೊಳ್ಳಿನ ಪದ ಹಾಡುತ್ತಾನೆ. ಹೋದ ವರ್ಷ ಅವನ ಹಾಡು ರೇಡಿಯೋದಲ್ಲಿ ಬಂದಾಗ ನೆರೆಮನೆಯ ಅಕ್ಕುತಾಯಿಯವರು ಬಾವಿಯ ಬಳಿ ಹೊಳೆವ್ವನಿಗೆ, “ದನಿ ಯಾರದರ ಇರತೈತಿ ಬಿಡ ಬೇ. ಮಾರಿ ಕಂಡ್ರ ಮಲಕಾರಿ ಅಂತೇನಿ,” ಎಂದರು. ಅಂದಿನಿಂದ ಹೊಳೆವ್ವ ಅವರಿರುವಾಗ ಬಾವಿಗೆ ಹೋಗುವುದಿಲ್ಲ. ಬರುವ ಭಾನುವಾರ ಸಂಜೆ ಮಲಕಾರಿಯ ಮೇಳ ಟಿ.ವಿ.ಯಲ್ಲಿ ಹಾಡಲಿದೆ.

ಗುಡ್ಡ ಅಡ್ಡವಾದೀತೆಂದು ನಾನು ಮೊದಲೇ ಹೇಳಿದ್ದೆ. ಮಾಳಸಿದ್ದ ನಕ್ಕು, “ಮುಂದಿನ ಟಗರು ದಾಟಿದ ಮ್ಯಾಲ ಹಿಂದಿನವು ನಿಲ್ಲತಾವೇನ್ರಿ? ರೇಡಿಯೋ ದಾಟೇತಿ, ಇದೂ ದಾಟತೈತಿ,” ಎಂದ. ತಾವೆಲ್ಲ ಒಂದೇ ಹಿಂಡಿನವರು, ಒಂದೇ ವೇಗದವರು ಎಂಬುದು ನಿಜವೇ. ಆದರೆ ರೇಡಿಯೋದ ಅಲೆಯಾದ ತಮ್ಮ ಅಣ್ಣನವರು ನೂರಾರು ಮೀಟರ್ ಉದ್ದವಿದ್ದು, ಗುಡ್ಡಕ್ಕೆ ಮೈ ಬಾಗಿಸಿ ಈಚೆ ಇಳಿಯುತ್ತಾರೆ. ಒಂದು ಮಾರೂ ಇಲ್ಲದ ತಾವು ಸೆಕೆಂಡಿಗೆ ಇಪ್ಪತ್ತು ಕೋಟಿ ಬಾರಿ ಕಂಪಿಸುತ್ತ, ಬೆಳಕಿನ ಹಾಗೆ ನೆಟ್ಟಗೆ ನಡೆದು ನಮ್ಮ ತಲೆಯ ಮೇಲೆ ಹಾದುಹೋಗುತ್ತೀರಿ. ಇಷ್ಟು ನೇರ ನಡಿಗೆ ನಮ್ಮ ತಾಲೂಕಿನಲ್ಲಿ ಬೇರೆ ಯಾರಲ್ಲೂ ಕಂಡಿಲ್ಲವಾದ್ದರಿಂದ ಅಭಿನಂದನೆಗಳು.

ಭಾನುವಾರ ಅರ್ಧ ಗಂಟೆಯ ಮಟ್ಟಿಗೆ ತಾವು ಅಣ್ಣನಷ್ಟು ಉದ್ದವಾಗಬಹುದೇ? ಕಂಪನ ತಗ್ಗಿ ತಮಗೂ ವಿಶ್ರಾಂತಿ ದೊರೆತೀತು. ಇಲ್ಲವೇ ತೀರ ಗಿಡ್ಡವಾಗಿ, ಮಾಳಸಿದ್ದನ ಮೊಣಕಾಲಿನ ಮಾಂಸ ದಾಟಿ ಎಲುಬಿನ ಫೋಟೋ ತೆಗೆದ ತಮ್ಮ ದಾಯಾದಿ ಎಕ್ಸ್-ರೇಯವರಂತೆ ಗುಡ್ಡವನ್ನೇ ತೂರಿ ಬರಬಹುದು. ಅಷ್ಟು ಕಲ್ಲು ದಾಟುವುದು ಅವರಿಂದಲೂ ಆಗದೆಂದು ಬಲ್ಲವರು ಹೇಳುತ್ತಾರೆ. ತಾವು ಮನೆತನದ ಹೆಸರು ಉಳಿಸಬೇಕು.

ತಮ್ಮಿಂದ ಉತ್ತರ ಬಾರದೆಂಬ ಅಂದಾಜಿನ ಮೇಲೆ, ಭಾನುವಾರ ಟಿ.ವಿ.ಯನ್ನೂ ಟ್ರ್ಯಾಕ್ಟರಿನ ಬ್ಯಾಟರಿಯನ್ನೂ ಗುಡ್ಡದ ನೆತ್ತಿಗೆ ಹೊತ್ತೊಯ್ಯುವುದೆಂದು ಇಂದು ಎಲ್ಲರೂ ಕೂಡಿ ನಿರ್ಧರಿಸಿದ್ದೇವೆ. ಅಕ್ಕುತಾಯಿಯವರನ್ನು ಕರೆಯಲು ಹೊಳೆವ್ವ ತಾನೇ ಹೋಗುವುದಾಗಿ ಹೇಳಿದ್ದಾಳೆ, ಇನ್ನೂ ಹೋಗಿಲ್ಲ.

ಗುಡ್ಡದ ಈಚೆಯಿಂದ,
ತಮ್ಮ ವಿಶ್ವಾಸಿ,
ಪಾರಿಸ

ತಾ.ಕ.: ಅಕ್ಕುತಾಯಿಯವರನ್ನು ಪರದೆಯ ಎದುರಿಗೇ ಕೂಡಿಸಲಾಗುವುದು. ಮಲಕಾರಿಯ ಮುಖ ಮಸುಕಾಗಿ ಬಂದರೆ ಅವರಿಗೆ ಉತ್ತರವನ್ನು ತಾವೇ ಕೊಡತಕ್ಕದ್ದು. ಅವರ ನಾಲಗೆಯಿಂದ ತಪ್ಪಿಸಿಕೊಳ್ಳಲು ತಮ್ಮ ವೇಗ ಸಾಲದು.