ಬ್ಯಾಡ ಅಂದವರ ಎಲೆಗೆ ಹೋಳಿಗೆ

ನಮ್ಮ ಮಾಮಾ ಮೈಮೇಲೆ ಇರುವೆ ಹತ್ತಿದರೂ ಅದು ಎಷ್ಟನೇ ಜಾಗದಲ್ಲಿದೆ ಎಂದು ತಿಳಿಯದೆ ಕೊಡವಿಕೊಳ್ಳುವವರಲ್ಲ.

ರಾಯಚೂರಿನ ಕಾಲೇಜೊಂದರಲ್ಲಿ ಮಷಿನ್ ಲರ್ನಿಂಗ್ ಪಾಠ ಮಾಡುತ್ತಾರೆ. ಟೆನ್ಸರ್ ಎಂದರೆ ಅವರ ಪ್ರಕಾರ ಊಟದ ಪಂಕ್ತಿ. ಅಂಕಿಗಳು ಸಾಲಾಗಿ ಕೂತಿರುತ್ತವೆ. ಬೇಕಾದ ಜಾಗಗಳ ನಂಬರು ಕೊಟ್ಟರೆ ಅಲ್ಲಿಗಷ್ಟೇ ಕೂಡಿಸಬಹುದು, ಪಕ್ಕದವರಿಗೆ ಹನಿಯೂ ಸಿಡಿಯುವುದಿಲ್ಲ. ಈ ಆಜ್ಞೆಯ ಹೆಸರು ‘ಇಂಡೆಕ್ಸ್ ಆ್ಯಡ್’. ಅದರ ಹೆಸರೆತ್ತಿದರೆ ಸಾಕು, ಮಾಮಾನ ಕನ್ನಡಕ ಮೂಗಿನ ತುದಿಗೆ ಇಳಿಯುತ್ತದೆ: “ಒಂದೇ ಜಾಗ ಮೂರು ಸಲ ಬಂದ್ರ ಮೂರೂ ಸಲ ಕೂಡಬೇಕ್ರಿ. ಸಾದಾ ರೀತಿ ಬರದ್ರ ಒಂದೇ ಸಲ ಕೂಡ್ತದ, ಉಳದದ್ದು ಮಾಯ!”

ಇದನ್ನು ನಾನು ಎಷ್ಟು ಚೆನ್ನಾಗಿ ಅನುಕರಿಸುತ್ತೇನೆಂದರೆ, ಒಮ್ಮೆ ಅತ್ತೆ ಅಡುಗೆಮನೆಯಿಂದಲೇ ನನ್ನನ್ನು ಮಾಮಾ ಎಂದುಕೊಂಡು, “ಪಾಠ ಸಾಕು, ಸಿಲಿಂಡರ್ ಹಚ್ಚಿ ಕೊಡ್ರಿ” ಎಂದಿದ್ದರು.

ಮಾಮಾನಿಗೆ ಒಬ್ಬಳೇ ಮಗಳು. ನಮ್ಮ ಕಡೆ ಸೋದರಳಿಯನಿಗೂ ಒಂದು ಹಕ್ಕು ಇರುತ್ತದಲ್ಲ? ನನ್ನ ಮಾರ್ಕ್ಸ್ ಕಾರ್ಡ್ ನೋಡಿದ ಮಾಮಾ ನನ್ನ ಜಾಗಕ್ಕೆ ಸೊನ್ನೆ ಕೂಡಿಸಿ, ದೇವದುರ್ಗದ ಹುಡುಗನನ್ನು ಹುಡುಕಿದರು. ನಾನು ನಿಟ್ಟುಸಿರು ಬಿಟ್ಟೆ. ಅವಳು ನನಗಿಂತ ಜೋರಾಗಿ ಬಿಟ್ಟಳು.

ಮಾನ್ವಿಯಲ್ಲಿ ನಿಶ್ಚಿತಾರ್ಥ. ಹೋಳಿಗೆ ಎಲೆಯಲ್ಲಿ ಉಳಿದು ಹಾಳಾಗಬಾರದೆಂದು ಮಾಮಾ ಪ್ರತಿ ಎಲೆಗೂ ಒಂದು ನಂಬರು ಕೊಟ್ಟರು. “ಹಾಕ್ರಿ ಅಂದವರ ನಂಬರ್ ಒತ್ತು” ಎಂದು ನನ್ನ ಕೈಗೆ ಮೊಬೈಲು ಕೊಟ್ಟು, ತಾವು ಅಡುಗೆಯವರ ಪಕ್ಕ, ಯಾವ ಎಲೆಗೆ ಎಷ್ಟು ಹೋಳಿಗೆ ಎಂದು ಕೂಡಿಸಿ ತೋರಿಸುವ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರು.

ನಾನು ನಿಂತೇ ಇದ್ದೆ. ಯಾರೂ ಕೇಳಲಿಲ್ಲ. ಬೀಗರು ಎಲ್ಲಾದರೂ ಬಾಯಿಬಿಟ್ಟು ಹೋಳಿಗೆ ಕೇಳುತ್ತಾರೆಯೇ? ಎಲೆಯ ಮೇಲೆ ಕೈ ಅಡ್ಡ ಹಿಡಿದು “ಬ್ಯಾಡ್ರಿ” ಅನ್ನಬೇಕು, ಬಡಿಸುವವರು ಆ ಕೈ ಸರಿಸಿ ಹಾಕಬೇಕು. ಅದು ಮರ್ಯಾದೆ. ಹುಡುಗನ ಮುತ್ಯಾ, ಎಂದರೆ ಅಜ್ಜ, “ಬ್ಯಾಡ್ರಿ” ಎಂದರು. ಬಡಿಸುತ್ತಿದ್ದ ನಮ್ಮವರು ಸಭ್ಯರಾಗಿ ಮುಂದೆ ಹೋದರು. ಮುತ್ಯಾನ ಮುಖ ಸಣ್ಣದಾಯಿತು. “ನಡೀರಿ ಏಳೋಣು. ಒತ್ತಾಯ ಮಾಡಲಾರದ ಮನಿಯಾಗ ಏನು ಸಂಬಂಧ?”

ನಾನು ಅಡುಗೆಮನೆಗೆ ಓಡಿದೆ. ಸಂಬಂಧ ಮುರಿಯುವ ಸುದ್ದಿ ಕೇಳಿ ಮಾಮಾ ಬೆವೆತರು. “ಹಂಗಾರ ಬ್ಯಾಡ ಅಂದವರ ನಂಬರ್ ಒತ್ತು! ಎಷ್ಟು ಸಲ ಅಂತಾರ, ಅಷ್ಟು ಸಲ.”

ಮುತ್ಯಾ ಮೂರು ಸಲ ಬೇಡವೆಂದರು, ನಾನು ಮೂರು ಸಲ ಒತ್ತಿದೆ. ಬಂದದ್ದು ಒಂದೇ ಹೋಳಿಗೆ. ಮುತ್ಯಾ ಎಲೆ ಮಡಚಲು ಕೈ ಹಾಕಿದರು. ವರ್ಷವಿಡೀ ಊರಿಗೆ ಪಾಠ ಹೇಳಿದ ಮನುಷ್ಯ ಅವಸರದಲ್ಲಿ ಸಾದಾ ರೀತಿಯಲ್ಲೇ ಬರೆದಿದ್ದರು!

ಅಪ್ಪನ ಹಿಂದೆ ನಿಂತಿದ್ದ ಮಗಳು ಬಗ್ಗಿ ನೋಡಿ ಮೆಲ್ಲಗೆ ಅಂದಳು: “ಯಪ್ಪಾ, ಇಂಡೆಕ್ಸ್ ಆ್ಯಡ್.”

ಮಾಮಾ ಹಣೆ ಬಡಿದುಕೊಂಡು ಒಂದು ಸಾಲು ಬದಲಿಸಿದರು. ಆಮೇಲೆ ನೋಡಬೇಕಿತ್ತು. ಮುತ್ಯಾ ಎರಡೂ ಕೈ ಅಡ್ಡ ಹಿಡಿದು ಬೇಡ ಬೇಡ ಎಂದಷ್ಟೂ ಹೋಳಿಗೆ, ಮೇಲೆ ತುಪ್ಪ. “ಭಾಳ ಹಟಮಾರಿ ಮಂದಿ ಅದೀರಿ” ಎಂದು ಸಂತೋಷದಿಂದ ಬೈಯುತ್ತ ತಾಂಬೂಲ ತೆಗೆದುಕೊಂಡರು.

ಮದುವೆಯಾಗಿ ಅವಳು ದೇವದುರ್ಗಕ್ಕೆ ಹೋದಳು. ಮಾಮಾ ಅಳಲಿಲ್ಲ, ಲ್ಯಾಪ್‌ಟಾಪ್ ತೆರೆದು ಸುಮ್ಮನೆ ನೋಡುತ್ತ ಕೂಡುತ್ತಿದ್ದರು. ಒಂದು ಬೆಳಿಗ್ಗೆ ನಾನು ಅಲ್ಲಿದ್ದಾಗಲೇ ಅವಳ ಫೋನ್ ಬಂತು.

“ಯಪ್ಪಾ, ಬರ್ಲೇನು?”

“ಬ್ಯಾಡವ್ವಾ, ನಿನ್ನ ಮನಿ ನೋಡ್ಕೋ.”

“ಬರ್ತೀನಿ ತಗೋ.”

“ಬ್ಯಾಡ. ಬಸ್ಸು ಗದ್ಲ ಇರ್ತಾವ.”

“ಖರೇನಾ?”

“ಬ್ಯಾಡ ಅಂದ್ನಲ್ಲ.”

ಸಂಜೆ ಬಾಗಿಲಲ್ಲಿ ಬ್ಯಾಗ್ ಹಿಡಿದು ನಿಂತಿದ್ದಳು. ಮಾಮಾ ಕನ್ನಡಕ ತೆಗೆದು ಒರೆಸತೊಡಗಿದರು. “ಬರಬ್ಯಾಡ ಅಂದಿದ್ದೆ ನಾನು.”

“ಮೂರು ಸಲ ಅಂದೀಯಪ್ಪಾ. ಮೂರು ದಿನ ಇರ್ತೀನಿ.”

ಮಾಮಾ ಕನ್ನಡಕ ಹಾಕಿಕೊಂಡರು. ಮಗಳ ಮುಖವನ್ನೇ ನೋಡುತ್ತ, ಮೆಲ್ಲಗೆ, ಇನ್ನೊಂದು ಸಲ, “ಬ್ಯಾಡವ್ವಾ” ಎಂದರು.